ಎರಡನೇ ಪಂದ್ಯ: ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಲೇಜು ಆಟ ನಡೆದುಬಂದ ದಾರಿ

ಪುರುಷರ ಕಬಡ್ಡಿ ಅಂಕಣದ ಉದ್ದ 13 ಮೀಟರ್, ಅಗಲ 10 ಮೀಟರ್. ಒಂದು ಮೂಲೆಯಿಂದ ಎದುರು ಮೂಲೆಗೆ 16 ಮೀಟರ್ 40 ಸೆಂಟಿಮೀಟರ್. ಮೊದಲೆರಡು ಅಂಕಿ ಆಡುವವರಿಗೆಲ್ಲ ಗೊತ್ತು. ಮೂರನೆಯದು ಗೆರೆ ಹಾಕುವವರಿಗೆ ಗೊತ್ತು. ಕರ್ಣದ ಅಳತೆ ಎರಡೂ ಕಡೆಯಿಂದ ಸರಿ ಬಂದರೆ ಮಾತ್ರ ನಾಲ್ಕು ಮೂಲೆ ನೇರವಾಗಿ ಕೂರುತ್ತವೆ.

ನಾನು ಕಾಲೇಜಿನಲ್ಲಿದ್ದಾಗ ಡಿಸೆಂಬರಿನ ಬೆಳಗ್ಗೆ ಆರೂವರೆಗೆ ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು, ಅಂದರೆ ನಮ್ಮ ಪಿ.ಡಿ. ಸರ್, ನಾಲ್ಕು ಗೂಟ, ಒಂದು ಸುತಳಿ ಉಂಡೆ, ತಳಕ್ಕೆ ತೂತು ಹೊಡೆದ ಡಬ್ಬಿ ಹಿಡಿದು ಮೈದಾನಕ್ಕೆ ಬರುತ್ತಿದ್ದರು. ‘ದಾರ ಬಿಗಿ ಹಿಡೀರೋ, ಮೂಲೆ ಕೂರ್ಬೇಕು’ ಅನ್ನುತ್ತ ಕರ್ಣ ಅಳೆಸುತ್ತಿದ್ದರು. ಗೂಟ ನೆಟ್ಟಾದ ಮೇಲೆ ಒಂದು ಗಂಟೆ ಸುಮ್ಮನೆ ಕಾಯಬೇಕಿತ್ತು. ಇಬ್ಬನಿಗೆ ಸುಣ್ಣದ ಪುಡಿ ಡಬ್ಬಿಯಲ್ಲೇ ಗಂಟು ಕಟ್ಟುತ್ತದೆ, ನೆಲಕ್ಕೆ ಬಿದ್ದದ್ದು ಕಲಸಿಹೋಗುತ್ತದೆ. ಬಿಸಿಲು ಅಡಿಕೆ ತೋಟದ ತಲೆ ದಾಟಿ ಮೈದಾನಕ್ಕೆ ಇಳಿದ ಮೇಲೆಯೇ ಸುಣ್ಣ ಚೆಲ್ಲುವುದು. ಆ ಒಂದು ಗಂಟೆಯಲ್ಲಿ ಅವರು ನಮಗೆ ನಿಯಮ ಹೇಳಿಕೊಡುತ್ತಿದ್ದರು, ಹಳೆಯ ಪಂದ್ಯಗಳ ಕತೆ ಹೇಳುತ್ತಿದ್ದರು. ಈ ಮೂರು ತಾಲ್ಲೂಕುಗಳ ಕಾಲೇಜು ಕ್ರೀಡೆಯ ಬಗ್ಗೆ ನನಗೆ ಮೊದಲು ತಿಳಿದದ್ದೆಲ್ಲ ಆ ಕಾಯುವ ಹೊತ್ತಿನಲ್ಲಿ.

ಈ ಸಂಚಿಕೆಗೆ ಬರೆಯಲು ಕುಳಿತಾಗ ನೆನಪಾದದ್ದೂ ಅದೇ. ನಮ್ಮ ಕಡೆಯ ಆಟ ಬೆಳೆದದ್ದು ಮೂರು ಸಂಗತಿಗಳ ನಡುವೆ: ಬಿಡದ ಮಳೆ, ದೂರದ ಊರು, ಮನೆಯ ದುಡಿಮೆ. ಈ ಮೂರರ ನಡುವೆ ಸಿಕ್ಕಷ್ಟು ಹೊತ್ತನ್ನು ಹಿಡಿದು ಒಂದು ಪಂದ್ಯ ಆಡಿಸುವುದನ್ನು ನಮ್ಮ ಕಾಲೇಜುಗಳು ಕಲಿತವು. ಆಟಗಾರರಿಗೆ ಎರಡನೇ ಪಂದ್ಯ ಕೊಡುವುದನ್ನು ಇನ್ನೂ ಕಲಿಯಬೇಕಿದೆ.

ಕಾಲೇಜು ಊರಿಗೆ ಬಂದ ಕಾಲ

ಶಿವಮೊಗ್ಗದಲ್ಲಿ ಸಹ್ಯಾದ್ರಿ ಕಾಲೇಜು ಶುರುವಾದದ್ದು 1940ರಲ್ಲಿ. ಅಲ್ಲಿಂದ ಮುಂದೆ ಎರಡು ದಶಕಕ್ಕೂ ಹೆಚ್ಚು ಕಾಲ ಸಾಗರದ, ಹೊಸನಗರದ, ತೀರ್ಥಹಳ್ಳಿಯ ಹುಡುಗರು ಹೈಸ್ಕೂಲು ಮುಗಿಸಿ ಮುಂದೆ ಓದಬೇಕೆಂದರೆ ಊರು ಬಿಡಬೇಕಿತ್ತು. ಅನುಕೂಲ ಇದ್ದವರು ಶಿವಮೊಗ್ಗಕ್ಕೋ ಮೈಸೂರಿಗೋ ಹೋದರು. ಉಳಿದವರು ಗದ್ದೆಗೆ, ತೋಟಕ್ಕೆ ಮರಳಿದರು.

ಸಾಗರದ ಲಾಲ್ ಬಹದ್ದೂರ್ ಕಾಲೇಜು ಮತ್ತು ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯ 1960ರ ದಶಕದಲ್ಲಿ ಬಂದವು. ಆ ದಶಕ ಈ ನೆಲಕ್ಕೆ ಸುಲಭದ್ದಾಗಿರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳನ್ನು ತುಂಬಿಕೊಂಡಿತ್ತು. ಮನೆ, ಗದ್ದೆ, ದೇವಸ್ಥಾನ ಬಿಟ್ಟು ಎದ್ದ ಕುಟುಂಬಗಳು ಹೊಸ ಜಾಗದಲ್ಲಿ ಬೇರು ಬಿಡುತ್ತಿದ್ದವು. ಅದಕ್ಕೂ ಮೊದಲು, 1951ರಲ್ಲಿ, ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ 1923ರಲ್ಲಿ ಹುಟ್ಟಿದ ಶಾಂತವೇರಿ ಗೋಪಾಲಗೌಡರು ಆ ಹೋರಾಟದ ಮುಂಚೂಣಿಯಲ್ಲಿದ್ದು, 1952ರ ಮೊದಲ ಚುನಾವಣೆಯಲ್ಲಿ ಈ ಭಾಗದಿಂದಲೇ ವಿಧಾನಸಭೆಗೆ ಹೋದರು. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಉಳುವವರ ಹೆಸರಿಗೆ ನೆಲ ಬಂತು. ಅಂಥ ಮನೆಗಳ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದರು.

ಆಟದ ಚರಿತ್ರೆಯಲ್ಲಿ ಭೂಮಿಯ ಮಾತೇಕೆ ಎಂದು ಕೇಳಬಹುದು. ಕಾಲೇಜು ತಂಡ ಎಂದರೆ ಕಾಲೇಜಿಗೆ ಬರಲು ಸಾಧ್ಯವಾದವರ ತಂಡ. ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿಗೆ ಸೇರಿದ ಹುಡುಗನ ಬಳಿ ಶೂ ಇರಲಿಲ್ಲ, ರಾಕೆಟ್ ಕೊಳ್ಳಲು ಹಣ ಇರಲಿಲ್ಲ. ಕಬಡ್ಡಿಗೆ ಏನೂ ಬೇಡ, ಖೊ ಖೊಗೆ ಎರಡು ಕಂಬ ಸಾಕು, ವಾಲಿಬಾಲಿಗೆ ಒಂದು ಬಲೆ, ಒಂದು ಚೆಂಡು. ನಮ್ಮ ಮೂರು ತಾಲ್ಲೂಕುಗಳಲ್ಲಿ ಈ ಆಟಗಳೇ ಏಕೆ ಬೇರೂರಿದವು ಎಂಬುದಕ್ಕೆ ನಾನು ಕಂಡುಕೊಂಡ ಉತ್ತರ ಇದು. ಸಾಗರದ ಕ್ರೀಡಾಂಗಣಕ್ಕೆ ಗೋಪಾಲಗೌಡರ ಹೆಸರಿದೆ. ಅಲ್ಲಿ ಬರಿಗಾಲಲ್ಲಿ ಓಡಿದವರಲ್ಲಿ ಗೇಣಿದಾರರ ಮೊಮ್ಮಕ್ಕಳಿದ್ದರು ಎಂಬುದನ್ನು ನೆನೆದರೆ ಆ ಹೆಸರು ಸರಿಯಾದ ಜಾಗದಲ್ಲೇ ಇದೆ ಅನಿಸುತ್ತದೆ.

ಊರಿನ ಸಂಘಗಳ ಪಾಲನ್ನೂ ಇಲ್ಲಿ ಹೇಳಬೇಕು. ಯುವಕ ಸಂಘ, ಗೆಳೆಯರ ಬಳಗ ಎಂಬ ಹೆಸರಿನಲ್ಲಿ ನಡೆಯುವ ಹೊನಲು ಬೆಳಕಿನ ಪಂದ್ಯಾವಳಿಗಳೇ ನಮ್ಮ ಕಾಲೇಜು ತಂಡಗಳ ನಿಜವಾದ ತಾಲೀಮು. ಗದ್ದೆ ಕೊಯ್ಲು ಮುಗಿದ ಮೇಲೆ ಕೂಳೆ ಕೆತ್ತಿ, ನೀರು ಹಾಕಿ, ಮಣ್ಣು ಗಟ್ಟಿ ಮಾಡಿ ಅಂಕಣ ಮಾಡುತ್ತಿದ್ದರು. ಶನಿವಾರ ರಾತ್ರಿ ಗದ್ದೆಯಲ್ಲಿ ಸಂಘದ ಬನಿಯನ್ ತೊಟ್ಟು ಆಡಿದವನೇ ಸೋಮವಾರ ಕಾಲೇಜಿನ ಬನಿಯನ್ ತೊಡುತ್ತಿದ್ದ.

ಮೈಸೂರಿನಿಂದ ಶಂಕರಘಟ್ಟಕ್ಕೆ

ಮೊದಲ ಎರಡು ದಶಕ ನಮ್ಮ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದ ಅಧೀನದಲ್ಲಿದ್ದವು. ಸಾಗರದಿಂದ ಮೈಸೂರಿಗೆ 300 ಕಿಲೋಮೀಟರಿಗೂ ಹೆಚ್ಚು. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದವರನ್ನು ‘ಬ್ಲೂ’ ಎಂದು ಕರೆಯುವ ರೂಢಿ ಇದೆ. ಆ ಕಾಲದಲ್ಲಿ ಮಲೆನಾಡಿನ ಹುಡುಗ ಬ್ಲೂ ಆಗಬೇಕೆಂದರೆ ಆಟಕ್ಕಿಂತ ಮೊದಲು ಆ ದೂರವನ್ನು ಗೆಲ್ಲಬೇಕಿತ್ತು.

1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಯ ಹೆಸರು ಹೊತ್ತ ವಿಶ್ವವಿದ್ಯಾಲಯ ಭದ್ರಾ ಅಣೆಕಟ್ಟಿನ ಪಕ್ಕದ ಶಂಕರಘಟ್ಟದಲ್ಲಿ, ಶಿವಮೊಗ್ಗದಿಂದ ಸುಮಾರು 28 ಕಿಲೋಮೀಟರ್ ದೂರದಲ್ಲಿ ನೆಲೆ ನಿಂತಿತು. ಸಾಗರದಿಂದ ಲೆಕ್ಕ ಹಾಕಿದರೆ ನೂರರ ಆಸುಪಾಸು. ಮುನ್ನೂರು ನೂರಕ್ಕೆ ಇಳಿದದ್ದು ನಮ್ಮ ಕ್ರೀಡೆಯ ಬಹುದೊಡ್ಡ ತಿರುವು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಬೇರೆಯಾದಾಗ ಕುವೆಂಪು ವಿಶ್ವವಿದ್ಯಾಲಯಕ್ಕೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳು ಉಳಿದವು. ಆಗ ಅದರ ಅಂತರ ಕಾಲೇಜು ಕ್ರೀಡೆ ಬಹುಪಾಲು ಮಲೆನಾಡಿನ ಕ್ರೀಡೆಯೇ ಆಯಿತು.

ಈ ನಡುವೆ ಕಾಲೇಜುಗಳ ಸಂಖ್ಯೆಯೂ ಬೆಳೆಯಿತು. ಹೊಸನಗರದಲ್ಲಿ ಕೊಡಚಾದ್ರಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಸಾಗರದಲ್ಲಿ ಇಂದಿರಾಗಾಂಧಿ ಸರ್ಕಾರಿ ಪ್ರಥಮ ದರ್ಜೆ ಮಹಿಳಾ ಕಾಲೇಜು, ತೀರ್ಥಹಳ್ಳಿಯ ಬಾಳೇಬೈಲಿನಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಬಂದವು. ರಿಪ್ಪನ್‌ಪೇಟೆ, ಆನಂದಪುರದಂಥ ಹೋಬಳಿ ಊರುಗಳಿಗೂ ಪದವಿ ಕಾಲೇಜು ಬಂತು. ಪಟ್ಟಣದ ಕಾಲೇಜಿಗೆ ದಿನವೂ ಬಸ್ ಹತ್ತಲಾಗದ ಮನೆಗಳ ಮಕ್ಕಳು ಈಗ ತಮ್ಮ ಹೋಬಳಿಯ ಹೆಸರಿನ ಬನಿಯನ್ ತೊಟ್ಟು ಆಡಿದರು.

ದಾರಿಯ ಕತೆ ಇಲ್ಲದೆ ಈ ಚರಿತ್ರೆ ಪೂರ್ತಿಯಾಗುವುದಿಲ್ಲ. ತಂಡಗಳು ಹೋದದ್ದು ಖಾಸಗಿ ಬಸ್ಸುಗಳಲ್ಲಿ. 1991ರಲ್ಲಿ ಕಾರ್ಮಿಕರೇ ಸೇರಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು 2020ರಲ್ಲಿ ನಿಲ್ಲುವ ತನಕ ತೀರ್ಥಹಳ್ಳಿಯ ಕಡೆಯ ವಿದ್ಯಾರ್ಥಿಗಳನ್ನು ಹೊತ್ತವು. ಹನ್ನೆರಡು ಜನರ ಬ್ಯಾಗು, ಒಂದು ಪ್ರಥಮ ಚಿಕಿತ್ಸೆಯ ಡಬ್ಬಿ, ಪ್ರಾಂಶುಪಾಲರ ಸಹಿ ಬಿದ್ದ ಅರ್ಹತಾ ಪತ್ರಗಳ ಫೈಲು. ಆ ಫೈಲನ್ನು ಪಿ.ಡಿ. ಸರ್ ತೊಡೆ ಮೇಲಿಂದ ಕೆಳಗಿಡುತ್ತಿರಲಿಲ್ಲ. ಒಬ್ಬನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ನಕಲು ತಪ್ಪಿದರೂ ಅವನು ಅಂಕಣದ ಹೊರಗೆ ಕೂರಬೇಕಾಗುತ್ತಿತ್ತು.

ಮಳೆ ಬರೆದ ವೇಳಾಪಟ್ಟಿ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಕೆಲವು ವರ್ಷ ಅದನ್ನೂ ಮೀರಿಸುತ್ತದೆ. ಜೂನ್ ಎರಡನೇ ವಾರದಿಂದ ಸೆಪ್ಟೆಂಬರ್ ಕಡೆಯ ತನಕ ಕೆಮ್ಮಣ್ಣಿನ ಮೈದಾನ ಎಂದರೆ ಕೆಸರು, ಪಾಚಿ, ಮೊಣಕಾಲೆತ್ತರದ ಹುಲ್ಲು. ಕಾಲೇಜು ಶುರುವಾಗುವುದು ಮಳೆ ಬೀಳುವ ಹೊತ್ತಿಗೆ. ಬಯಲುಸೀಮೆಯ ಕಾಲೇಜು ಜುಲೈನಲ್ಲೇ ತಂಡ ಆರಿಸಿ ಅಭ್ಯಾಸಕ್ಕೆ ಇಳಿದರೆ, ನಮ್ಮಲ್ಲಿ ಹುಡುಗರು ಜಗಲಿಯಲ್ಲಿ ಬಸ್ಕಿ ಹೊಡೆಯುತ್ತ ಆಕಾಶ ನೋಡುತ್ತಾರೆ.

ನವರಾತ್ರಿ ಮುಗಿದು ನೆಲ ಒಣಗಿತು ಎನ್ನುವಾಗ ಮನೆಯಿಂದ ಕರೆ ಬರುತ್ತದೆ. ಅಡಿಕೆ ಕೊಯ್ಲಿನ ಕಾಲವೂ ಅದೇ. ಹಗಲು ಗೊನೆ ಇಳಿಸಿ, ರಾತ್ರಿ ಅಂಗಳದಲ್ಲಿ ಸಾಲಾಗಿ ಕೂತು ಮೆಟ್ಟುಗತ್ತಿಯಲ್ಲಿ ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಸುಲಿದವರ ಬೆರಳು ಚೊಗರಿಗೆ ಕಪ್ಪಾಗಿರುತ್ತದೆ, ವಾರಗಟ್ಟಲೆ ಹೋಗುವುದಿಲ್ಲ. ನನ್ನ ಜೊತೆ ಆಡುತ್ತಿದ್ದ ಒಬ್ಬ ಕ್ಯಾಚರ್ ರಾತ್ರಿ ಹನ್ನೊಂದರ ತನಕ ಸುಲಿದು, ಬೆಳಗ್ಗೆ ಆರಕ್ಕೆ ಮೈದಾನದಲ್ಲಿರುತ್ತಿದ್ದ. ಎದುರಾಳಿಯ ಕಣಕಾಲು ಹಿಡಿದಾಗ ಬೆರಳ ಕರೆ ಅವನ ಬಿಳಿ ಸಾಕ್ಸಿನ ಮೇಲೆ ಮೂಡುತ್ತಿತ್ತು. ಒಂದು ಪಂದ್ಯದ ಕೊನೆಗೆ ನಗರದ ತಂಡದ ಹುಡುಗ ಅವನ ಕೈಯನ್ನು ತಿರುಗಿಸಿ ನೋಡಿ ‘ಇದೆಂಥ ಬಣ್ಣ?’ ಅಂದ. ‘ಅಡಿಕೆ’ ಅಂತ ಇವನು ಅಂದ. ಆ ಹುಡುಗ ಮತ್ತೊಮ್ಮೆ ಕೈ ಕುಲುಕಿದ.

ಸೆಮಿಸ್ಟರ್ ಪದ್ಧತಿ ಬಂದ ಮೇಲೆ ಪರೀಕ್ಷೆಯೂ ಇದೇ ತಿಂಗಳುಗಳಲ್ಲಿ ಬಂದು ಕೂತಿತು. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯಲ್ಲಿ ರಾಮೇಶ್ವರನ ಜಾತ್ರೆ, ಮೂರು ವರ್ಷಕ್ಕೊಮ್ಮೆ ಸಾಗರದಲ್ಲಿ ಮಾರಿಕಾಂಬೆಯ ಜಾತ್ರೆ. ಜಾತ್ರೆಯ ದಿನಗಳಲ್ಲಿ ಪಂದ್ಯ ಇಟ್ಟರೆ ಆಡುವವರೂ ಇಲ್ಲ, ನೋಡುವವರೂ ಇಲ್ಲ. ಒಟ್ಟಿನಲ್ಲಿ ನಮ್ಮ ಕಾಲೇಜು ಕ್ರೀಡೆಗೆ ನಿಜವಾಗಿ ಸಿಗುವುದು ವರ್ಷದಲ್ಲಿ ಹತ್ತು ಹನ್ನೆರಡು ವಾರ. ಅಷ್ಟರೊಳಗೆ ಕಬಡ್ಡಿ, ಖೊ ಖೊ, ವಾಲಿಬಾಲ್, ಬಾಲ್ ಬ್ಯಾಡ್ಮಿಂಟನ್, ಅಥ್ಲೆಟಿಕ್ಸ್ ಎಲ್ಲ ಮುಗಿಯಬೇಕು. ಆ ವಾರಗಳನ್ನು ಹೊಂದಿಸಿ ಐದಾರು ದಶಕ ಪಂದ್ಯ ತಪ್ಪದಂತೆ ನೋಡಿಕೊಂಡ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಈ ಸಂಚಿಕೆಯ ಮೊದಲ ನಮಸ್ಕಾರ ಸಲ್ಲಬೇಕು.

ಕಡೇ ಲಾಂಚಿನ ಹುಡುಗಿಯರು

ಹೆಣ್ಣುಮಕ್ಕಳ ತಂಡ ಕಟ್ಟುವುದು ಇನ್ನೂ ಕಷ್ಟದ ಕೆಲಸವಾಗಿತ್ತು. ಕಷ್ಟ ಆಟದ್ದಲ್ಲ. ಹುಡುಗಿಯರು ಬೇಗ ಕಲಿಯುತ್ತಿದ್ದರು. ಕತ್ತಲಾಗುವ ಮುಂಚೆ ಮನೆ ಮುಟ್ಟಬೇಕು ಎಂಬುದೇ ಎಲ್ಲ ಮನೆಗಳ ಷರತ್ತು. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರಿಗಂತೂ ಸಂಜೆಯ ಕಡೇ ಲಾಂಚು ತಪ್ಪಿದರೆ ಹೊಳೆ ದಾಟುವ ದಾರಿಯೇ ಇರಲಿಲ್ಲ. ‘ಕಡೇ ಲಾಂಚಿಗೆ ಬಂದು ಮುಟ್ತಾಳೆ ಅಂದ್ರೆ ಕಳಿಸ್ತೀನಿ ಸರ್’ ಎಂದು ಒಬ್ಬ ತಂದೆ ಮೈದಾನದ ಅಂಚಿನಲ್ಲಿ ನಿಂತು ಹೇಳಿದ್ದನ್ನು ನಾನು ಕೇಳಿದ್ದೇನೆ. ಆ ಹುಡುಗಿಗಾಗಿ ಅಭ್ಯಾಸದ ಹೊತ್ತನ್ನು ಸಂಜೆಯಿಂದ ಮಧ್ಯಾಹ್ನದ ಊಟದ ಬಿಡುವಿಗೆ ತಂದರು. ತಂಡದ ಉಳಿದವರು ಊಟವನ್ನು ಮುಂದಕ್ಕೆ ಹಾಕಿದರು. ಒಬ್ಬಳಿಗಾಗಿ ಹನ್ನೊಂದು ಜನ ಹಸಿದು ಆಡಿದ್ದು ಯಾವ ಅಂಕಪಟ್ಟಿಯಲ್ಲೂ ಇರುವುದಿಲ್ಲ. ತಂಡ ಎಂಬ ಮಾತಿನ ಅರ್ಥ ನನಗೆ ಅಂದು ತಿಳಿಯಿತು.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ 2.44 ಕಿಲೋಮೀಟರ್ ಉದ್ದದ ಸೇತುವೆ ಜನರಿಗೆ ತೆರೆಯಿತು. ಈಗ ಹಿನ್ನೀರಿನ ಆಚೆಯ ಹುಡುಗಿ ಸಂಜೆ ಐದೂವರೆಯ ತನಕ ಮೈದಾನದಲ್ಲಿರಬಹುದು. ಕ್ರೀಡಾ ಇಲಾಖೆಯ ಯೋಜನೆಗಳು ಮಾಡಲಾಗದ್ದನ್ನು ಒಂದು ಸೇತುವೆ ಮಾಡುತ್ತದೆ ಎಂಬ ನಂಬಿಕೆ ನನಗಿದೆ.

ದಾರಿ ತೋರಿಸಲು ಹತ್ತಿರದಲ್ಲೇ ಒಬ್ಬರಿದ್ದಾರೆ. ಆಗುಂಬೆ ಘಾಟಿ ಇಳಿದರೆ ಕಾರ್ಕಳ ಕಡೆಯ ಹೆರ್ಮುಂಡೆ. ಅಲ್ಲಿಯ ಮಮತಾ ಪೂಜಾರಿ 2010ರ ಗುವಾಂಗ್‌ಝೌ ಮತ್ತು 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟಗಳಲ್ಲಿ ಕಬಡ್ಡಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದರು. ಪುರುಷರ ಕಬಡ್ಡಿ ಏಷ್ಯನ್ ಕೂಟಕ್ಕೆ ಬಂದದ್ದು 1990ರ ಬೀಜಿಂಗ್‌ನಲ್ಲಿ. ಮಹಿಳೆಯರು ಮತ್ತೆ ಇಪ್ಪತ್ತು ವರ್ಷ ಕಾಯಬೇಕಾಯಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊ ಖೊ ವಿಶ್ವಕಪ್‌ನಲ್ಲಿ ಪುರುಷ, ಮಹಿಳಾ ಎರಡೂ ಪ್ರಶಸ್ತಿ ಭಾರತಕ್ಕೆ ಬಂದವು. ನಮ್ಮ ಮಣ್ಣಿನ ಅಂಕಣದ ಆಟಗಳೇ ಇವು.

ಸೋತು ಮನೆಗೆ ಹೋಗುವ ಲೆಕ್ಕ

ಹೊಗಳಿಕೆಯ ನಡುವೆ ಒಂದು ನೋವನ್ನೂ ಬರೆಯಬೇಕು. 1990ರ ದಶಕದಲ್ಲಿ ನಾವು ಹನ್ನೆರಡು ಜನ ಬೆಳಗಿನ ಮೊದಲ ಬಸ್ಸಿಗೆ ಹೊರಟು ದೂರದ ಒಂದು ಕಾಲೇಜಿಗೆ ಅಂತರ ಕಾಲೇಜು ಕಬಡ್ಡಿಗೆ ಹೋದೆವು. ಹನ್ನೊಂದೂವರೆಗೆ ಮೈದಾನ ಮುಟ್ಟಿದೆವು. ಚೀಟಿ ಎತ್ತಿದಾಗ ಮೊದಲ ಸುತ್ತಿನಲ್ಲೇ ಹಿಂದಿನ ವರ್ಷ ಗೆದ್ದವರು ಎದುರಾದರು. 20 ನಿಮಿಷದ ಎರಡು ಅವಧಿ, ನಡುವೆ ಐದು ನಿಮಿಷ ವಿರಾಮ. ಎರಡು ಗಂಟೆಗೆ ನಮ್ಮ ವರ್ಷ ಮುಗಿದಿತ್ತು. ಬದಲಿ ಆಟಗಾರರಾಗಿ ಬಂದ ಐವರಲ್ಲಿ ಮೂವರು ಅಂಕಣಕ್ಕೆ ಕಾಲಿಡಲೇ ಇಲ್ಲ. ಅವರಲ್ಲಿ ಇಬ್ಬರು ಕೊನೆಯ ವರ್ಷದವರು. ವಾಪಸ್ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ರಾತ್ರಿ ಇಳಿದು ಬ್ಯಾಟರಿ ಬೆಳಕಿನಲ್ಲಿ ನಾಲ್ಕು ಕಿಲೋಮೀಟರ್ ನಡೆದು ಮನೆ ಸೇರಿದಾಗ ಅಮ್ಮ ಕೇಳಿದ್ದು ಒಂದೇ ಮಾತು: ‘ಎಷ್ಟು ಆಟ ಆಡಿದ್ರಿ?’ ಒಂದು ಅನ್ನಲು ನಾಚಿಕೆಯಾಯಿತು.

ಇದು ಯಾರೋ ಒಬ್ಬರ ತಪ್ಪಲ್ಲ, ಪದ್ಧತಿಯ ಲೆಕ್ಕ. ಎಂಟು ತಂಡಗಳ ನಾಕೌಟ್ ಪಂದ್ಯಾವಳಿಯಲ್ಲಿ ಒಟ್ಟು ಏಳೇ ಪಂದ್ಯ. ನಾಲ್ಕು ತಂಡ ಒಂದೇ ಪಂದ್ಯ ಆಡಿ ಮನೆಗೆ ಹೋಗುತ್ತವೆ. ಅದೇ ಎಂಟು ತಂಡ ಲೀಗ್ ಆಡಿದರೆ 28 ಪಂದ್ಯ, ಪ್ರತಿ ತಂಡಕ್ಕೂ ಏಳು. ನಾಕೌಟಿನಲ್ಲಿ ಹಣ ಉಳಿಯುತ್ತದೆ, ದಿನ ಉಳಿಯುತ್ತದೆ. ವಿಶ್ವವಿದ್ಯಾಲಯದ ಕೂಟಗಳಲ್ಲಿ ಕೊನೆಯ ನಾಲ್ಕು ತಂಡಗಳಿಗೆ ಲೀಗ್ ಇಡುವ ಕ್ರಮ ಇದೆ. ಆದರೆ ಆ ನಾಲ್ಕರೊಳಗೆ ಬರುವವರು ಹಾಸ್ಟೆಲ್, ಮ್ಯಾಟ್, ತರಬೇತುದಾರ ಇರುವ ಕಾಲೇಜಿನವರು. ಇನ್ನೂ ಹೆಚ್ಚು ಪಂದ್ಯ ಯಾರಿಗೆ ಬೇಕಿದೆಯೋ, ಆ ಹೋಬಳಿ ಕಾಲೇಜಿನ ಹುಡುಗರೇ ಮೊದಲು ಬಸ್ ಹತ್ತುತ್ತಾರೆ. ತಪ್ಪನ್ನು ಮರುವಾರ ತಿದ್ದಿಕೊಳ್ಳುವ ಅವಕಾಶ ಇಲ್ಲದೆ ಆಟಗಾರ ಬೆಳೆಯುವುದಿಲ್ಲ.

ಸರದಿಯ ಆತಿಥ್ಯ

ನಮ್ಮಷ್ಟೇ ಮಳೆ, ನಮ್ಮಂಥದೇ ಗುಡ್ಡಗಾಡು ಇರುವ ಕೊಡಗು ಏನು ಮಾಡಿತು ನೋಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಶುರು ಮಾಡಿದಾಗ ಆಡಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಕೂಟದಲ್ಲಿ 360 ತಂಡ ಸೇರಿ ಗಿನ್ನೆಸ್ ದಾಖಲೆಯಾಯಿತು. ಅವರೂ ಮಳೆಯನ್ನು ಕೇಳಿಯೇ ಬೇಸಿಗೆಯ ವಾರಗಳನ್ನು ಆರಿಸಿಕೊಂಡರು. ಆ ಬೆಳವಣಿಗೆಯ ಗುಟ್ಟು ಸರದಿಯಲ್ಲಿದೆ. ಪ್ರತಿ ವರ್ಷ ಬೇರೊಂದು ಕುಟುಂಬ ಹೊಣೆ ಹೊರುತ್ತದೆ, ಕಪ್ಪಿಗೆ ಆ ಮನೆತನದ ಹೆಸರು ಬರುತ್ತದೆ. ಆತಿಥ್ಯ ಮಾಡಿದವರಿಗೆ ಆಟ ತಮ್ಮದು ಅನಿಸುತ್ತದೆ. ಲೇಹ್‌ನ ಕರ್ಜೂ ಕೊಳ ಚಳಿಗಾಲದ ಒಂದೆರಡು ತಿಂಗಳು ಹೆಪ್ಪುಗಟ್ಟುತ್ತದೆ. ಅಷ್ಟೇ ಹೊತ್ತಿನಲ್ಲಿ ಅಲ್ಲಿನ ಯುವಕ ಯುವತಿಯರು ಐಸ್ ಹಾಕಿ ಆಡಿ ದೇಶದ ತಂಡಕ್ಕೆ ಹೋಗಿದ್ದಾರೆ. ಕಡಿಮೆ ವಾರ ಇರುವುದು ನಮಗೊಬ್ಬರಿಗೇ ಬಂದ ಕಷ್ಟವಲ್ಲ.

ಹಾಗಾಗಿ ಈ ಸಂಚಿಕೆಯ ಮೂಲಕ ಮೂರು ತಾಲ್ಲೂಕುಗಳ ಕಾಲೇಜುಗಳ ಮುಂದೆ, ಹಳೆಯ ವಿದ್ಯಾರ್ಥಿಗಳ ಮುಂದೆ ಒಂದು ಮಾತು ಇಡುತ್ತಿದ್ದೇನೆ. ಆರು ಕಾಲೇಜುಗಳು ಸೇರಿದರೆ ಸಾಕು. ಆರು ತಂಡಗಳ ಲೀಗಿಗೆ 15 ಪಂದ್ಯ, ವಾರಕ್ಕೆ ಮೂರರಂತೆ ಐದು ಶನಿವಾರ. ಎರಡು ಶನಿವಾರ ಸಾಗರ, ಎರಡು ತೀರ್ಥಹಳ್ಳಿ, ಒಂದು ಹೊಸನಗರ. ಮರುವರ್ಷ ಎರಡರ ಸರದಿ ಹೊಸನಗರಕ್ಕೆ. ಯಾವ ತಂಡವೂ ರಾತ್ರಿ ತಂಗಬೇಕಿಲ್ಲ. ಊಟ ಆತಿಥೇಯ ಊರಿನದು. ಅನ್ನ ಸಾರು ಹಾಕುವುದಕ್ಕೆ ಮಲೆನಾಡಿನ ಊರುಗಳು ಎಂದೂ ಹಿಂದೆ ಸರಿದಿಲ್ಲ. ವಿಶ್ವವಿದ್ಯಾಲಯದ ಕೂಟ ಅದರ ಪಾಡಿಗೆ ನಡೆಯಲಿ. ಅಲ್ಲಿಗೆ ಹೋಗುವ ಮೊದಲು ನಮ್ಮ ಪ್ರತಿ ಹುಡುಗ, ಪ್ರತಿ ಹುಡುಗಿ ಐದು ಪಂದ್ಯ ಆಡಿರುತ್ತಾರೆ. ಬದಲಿ ಆಟಗಾರನೂ ಒಂದಲ್ಲ ಒಂದು ಶನಿವಾರ ಅಂಕಣಕ್ಕೆ ಇಳಿದಿರುತ್ತಾನೆ.

ನಮ್ಮ ಪಿ.ಡಿ. ಸರ್ ನಿವೃತ್ತರಾಗಿ ವರ್ಷಗಳಾದವು. ಕಳೆದ ಡಿಸೆಂಬರಿನಲ್ಲಿ ಹಳೆಯ ಮೈದಾನಕ್ಕೆ ಹೋದಾಗ ಅವರ ಜಾಗದಲ್ಲಿ ಒಬ್ಬ ಯುವತಿ ಸುತಳಿ ಹಿಡಿದು ನಿಂತಿದ್ದರು. ಮಹಿಳೆಯರ ಅಂಕಣ, 12 ಮೀಟರ್ ಉದ್ದ, 8 ಮೀಟರ್ ಅಗಲ. ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ. ನಾನು ಚಪ್ಪಲಿ ಬಿಟ್ಟು ಹೋಗಿ ಗೂಟದ ಬಳಿ ಕೂತೆ. ‘ಕರ್ಣ ಎಷ್ಟು ಮೇಡಂ?’ ಅಂದೆ. ಅವರು ಟೇಪು ನೋಡದೆಯೇ ‘ಹದಿನಾಲ್ಕು ನಲವತ್ತೆರಡು’ ಅಂದರು. ಎರಡೂ ಕಡೆ ಅಳೆದೆವು, ಮೂಲೆ ಕೂತಿತು. ಬಿಸಿಲು ಇನ್ನೂ ತೋಟದ ಆಚೆಗೇ ಇತ್ತು. ಸುಣ್ಣದ ಡಬ್ಬಿಯನ್ನು ಪಕ್ಕಕ್ಕಿಟ್ಟು ಇಬ್ಬನಿ ಆರುವುದನ್ನು ಕಾಯುತ್ತ ಕೂತೆವು.